ತೀರ್ಥವೂ ತಿರುಗಾಟವೂ: ಸಂಸಾರಸಮೇತ ಕಾವೇರಿಯ ದಾರಿಯಲ್ಲಿ

ಮಳೆಗಾಲದ ಸಂಜೆ ಬಾನುಲಿಯ ಮುಂದೆ ಕುಳಿತು ವಾರ್ತೆ ಕೇಳುವವರಿಗೆಲ್ಲ ಒಂದು ಅಂಕಿ ಚೆನ್ನಾಗಿ ಪರಿಚಿತವಾಗಿರುತ್ತದೆ. ಅದು 124.80 ಅಡಿ, ಕೃಷ್ಣರಾಜಸಾಗರದ ಪೂರ್ಣ ಮಟ್ಟ. ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು ಎಂದು ಓದುವಾಗ ಮಂಡ್ಯದ ಕಡೆಯ ರೈತ ಮಾತು ನಿಲ್ಲಿಸಿ ಕಿವಿಗೊಡುತ್ತಾನೆ. ಬೆಂಗಳೂರಿನ ಗೃಹಿಣಿಯೂ ಕಿವಿಗೊಡಬೇಕಾದುದೇ. ಸುಮಾರು 100 ಕಿಲೋಮೀಟರು ದೂರದಿಂದ ಯಂತ್ರಗಳು ಮೇಲೆತ್ತಿ ಕಳುಹಿಸುವ ಕಾವೇರಿಯ ನೀರೇ ಅವರ ಮನೆಯ ನಲ್ಲಿಯಲ್ಲಿ ಬೀಳುವುದು.

ಒಮ್ಮೆ ತರಗತಿಯಲ್ಲಿ, ‘ಈ ಒಳಹರಿವು ಎಲ್ಲಿಂದ ಬರುತ್ತದೆ?’ ಎಂದು ಕೇಳಿದೆ. ಮುಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, ‘ಡ್ಯಾಮಿನಿಂದ ಸಾರ್’ ಎಂದ. ತರಗತಿ ನಕ್ಕಿತು. ನಾನು ನಗಲಿಲ್ಲ. ತಪ್ಪು ಆ ಹುಡುಗನದಲ್ಲ. ಅವನನ್ನು ಒಮ್ಮೆಯೂ ಹೊಳೆಯ ದಾರಿಯಲ್ಲಿ ಕರೆದೊಯ್ಯದ ನಮ್ಮದು, ಹಿರಿಯರದು.

ಕರೆದೊಯ್ಯುವುದಿಲ್ಲವೇ ಎಂದು ತಾವು ಕೇಳಬಹುದು. ರಜೆ ಬಂತೆಂದರೆ ಯಾವ ಮನೆಯವರು ಹೊರಡುವುದಿಲ್ಲ? ನಿಜ. ಆದರೆ ಹೊರಡುವ ಮೊದಲು ಮನೆಮನೆಯಲ್ಲೂ ನಡೆಯುವ ವಾಗ್ವಾದವನ್ನು ನೆನಪಿಸಿಕೊಳ್ಳಿ. ಅಜ್ಜಿಗೆ ಕ್ಷೇತ್ರ ಬೇಕು, ಮಕ್ಕಳಿಗೆ ಜಲಪಾತ ಬೇಕು. ಅಜ್ಜಿ, ‘ದೇವರಿಲ್ಲದ ಊರಿಗೆ ನಾನೇಕೆ ಬರಲಿ?’ ಎನ್ನುತ್ತಾರೆ. ಮಕ್ಕಳು, ‘ಬರಿಯ ದೇವಸ್ಥಾನವಾದರೆ ನಾವು ಮನೆಯಲ್ಲೇ ಇರುತ್ತೇವೆ’ ಎನ್ನುತ್ತಾರೆ. ಕೊನೆಗೆ ಇಬ್ಬರಿಗೂ ಅರ್ಧರ್ಧ ಹಂಚಿ, ಹಗಲು ಹನ್ನೆರಡರವರೆಗೆ ತೀರ್ಥ, ಆಮೇಲೆ ತಿರುಗಾಟ ಎಂದು ಮನೆಯ ಯಜಮಾನ ರಾಜಿ ಮಾಡಿಸುತ್ತಾನೆ.

ನಮ್ಮ ಮನೆಯಲ್ಲೂ ಹಾಗೆಯೇ ಆಯಿತು. ಕೆಲವು ವರ್ಷಗಳ ಹಿಂದೆ ದಸರಾ ರಜೆಯಲ್ಲಿ ಏಳು ಜನ ಬಾಡಿಗೆ ವಾಹನದಲ್ಲಿ ಹೊರಟೆವು. ಪಟ್ಟಿಯಲ್ಲಿ ಹನ್ನೊಂದು ಸ್ಥಳಗಳಿದ್ದವು. ಎರಡು ದಿನಗಳಲ್ಲಿ ಹನ್ನೊಂದನ್ನೂ ಮುಗಿಸಿದೆವು. ‘ಮುಗಿಸಿದೆವು’ ಎಂಬ ಕ್ರಿಯಾಪದದಲ್ಲೇ ನಮ್ಮ ಯಾತ್ರೆಯ ವಿಮರ್ಶೆ ಅಡಗಿದೆ. ಮನೆಗೆ ಬಂದ ರಾತ್ರಿ ನಮ್ಮ ತಾಯಿ ಕಾಲು ನೀಡಿಕೊಂಡು ಕುಳಿತು, ‘ದೇವರನ್ನೇನೋ ಕಂಡೆ ಕಣಪ್ಪ, ಹೊಳೇನೇ ಕಾಣಲಿಲ್ಲ’ ಎಂದರು. ಕಾವೇರಿಯ ಮೂಲವನ್ನು ನೋಡಬೇಕೆಂಬುದು ಅವರ ಬಹುಕಾಲದ ಆಸೆ. ತಲಕಾವೇರಿಯಲ್ಲಿ ಅವರನ್ನು ಇಪ್ಪತ್ತು ನಿಮಿಷವೂ ಕೂರಗೊಡದೆ ವಾಹನ ಹತ್ತಿಸಿದವನು ನಾನೇ. ಅದರ ಮರುವರ್ಷದಿಂದ ಅವರ ಮಂಡಿ ಬೆಟ್ಟ ಹತ್ತುವ ಸ್ಥಿತಿಯಲ್ಲಿ ಉಳಿಯಲಿಲ್ಲ.

ಈ ಮಾತು ನನ್ನನ್ನು ಬಹಳ ದಿನ ಕೊರೆಯಿತು. ಯೋಚಿಸಿದಂತೆಲ್ಲ, ತೀರ್ಥ ಬೇರೆ ತಿರುಗಾಟ ಬೇರೆ ಎಂದು ಭಾಗ ಹಾಕಿದ್ದೇ ಮೂಲ ತಪ್ಪೆಂದು ತೋರಿತು. ಶಬ್ದವನ್ನೇ ನೋಡಿ. ‘ತೀರ್ಥ’ ಎಂಬುದು ಸಂಸ್ಕೃತದ ‘ತೄ’ ಧಾತುವಿನಿಂದ ಹುಟ್ಟಿದ್ದು; ಆ ಧಾತುವಿಗೆ ದಾಟು ಎಂದರ್ಥ. ನದಿಯನ್ನು ದಾಟಲು ಅನುಕೂಲವಾದ ಕಡವು, ನೀರಿಗೆ ಇಳಿಯುವ ಮೆಟ್ಟಿಲು, ಇವೇ ತೀರ್ಥದ ಮೊದಲ ಅರ್ಥಗಳು. ಪಾವನವಾದ ಸ್ಥಳ ಎಂಬ ಅರ್ಥ ಅದರ ಮೇಲೆ ಬೆಳೆದದ್ದು. ಎಂದಮೇಲೆ ನೀರನ್ನು ನೋಡದೆ ತೀರ್ಥವನ್ನು ನೋಡಿದೆವೆನ್ನುವುದು ಹೇಗೆ? ನಮ್ಮ ಪೂರ್ವಿಕರು ನದಿ ಎಲ್ಲಿ ಹುಟ್ಟುತ್ತದೆಯೋ, ಎಲ್ಲಿ ಕೂಡುತ್ತದೆಯೋ, ಎಲ್ಲಿ ಕವಲೊಡೆಯುತ್ತದೆಯೋ, ಎಲ್ಲಿ ತಿರುಗುತ್ತದೆಯೋ, ಎಲ್ಲಿ ಧುಮುಕುತ್ತದೆಯೋ ಅಲ್ಲೆಲ್ಲ ಒಂದೊಂದು ಗುಡಿಯನ್ನು ನಿಲ್ಲಿಸಿದರು. ಗುಡಿ ಇರುವ ಸ್ಥಳವೇ, ‘ಇಲ್ಲಿ ಹೊಳೆ ಏನೋ ಮಾಡುತ್ತಿದೆ, ನಿಂತು ನೋಡು’ ಎಂದು ಹೇಳುವ ಗುರುತು. ಕಾವೇರಿಯ ದಾರಿಯಲ್ಲಿ ಮೇಲಿನಿಂದ ಕೆಳಕ್ಕೆ ಒಮ್ಮೆ ಬನ್ನಿ. ಈ ಮಾತು ಹೇಗೆ ನಿಜವೆಂಬುದು ತಾನಾಗಿ ಕಾಣುತ್ತದೆ.

ಮೊದಲನೆಯದು ಹುಟ್ಟು. ಕೊಡಗಿಗೆ ರೈಲಿಲ್ಲ, ಮೈಸೂರಿನಿಂದ ಮಡಿಕೇರಿಗೆ ಸುಮಾರು 120 ಕಿಲೋಮೀಟರು ರಸ್ತೆಯಲ್ಲೇ ಹೋಗಬೇಕು. ಅಲ್ಲಿಂದ ಭಾಗಮಂಡಲ 40 ಕಿಲೋಮೀಟರು, ಭಾಗಮಂಡಲದಿಂದ ತಲಕಾವೇರಿ ಇನ್ನೂ 8. ಬ್ರಹ್ಮಗಿರಿಯ ಮಗ್ಗುಲಲ್ಲಿ, ಸಮುದ್ರಮಟ್ಟದಿಂದ ಸುಮಾರು 1,276 ಮೀಟರು ಎತ್ತರದಲ್ಲಿ ಇರುವ ಈ ಸ್ಥಳದಲ್ಲಿ ಹೊಳೆಯನ್ನು ಹುಡುಕುವ ಮಕ್ಕಳಿಗೆ ಮೊದಲು ನಿರಾಶೆಯಾಗುತ್ತದೆ. ಕಾಣುವುದು ಒಂದು ಪುಟ್ಟ ಕುಂಡಿಕೆ, ಅದರ ಮುಂದೊಂದು ಕೊಳ, ಅಷ್ಟೆ. ಇಲ್ಲಿ ಹಿರಿಯರು ಕಥೆ ಹೇಳಬೇಕು. ಅಗಸ್ತ್ಯ ಮಹರ್ಷಿಗಳು ಕಾವೇರಿಯನ್ನು ಕಮಂಡಲುವಿನಲ್ಲಿ ಇರಿಸಿದ್ದರಂತೆ. ಗಣಪತಿ ಕಾಗೆಯ ರೂಪದಲ್ಲಿ ಬಂದು ಅದನ್ನು ಉರುಳಿಸಿದನಂತೆ. ನೀರು ನದಿಯಾಗಿ ಹರಿಯಿತಂತೆ. ಪಾತ್ರೆಯಲ್ಲಿ ಹಿಡಿದಿಟ್ಟ ನೀರು ಒಬ್ಬನದು, ಹರಿದ ನೀರು ಲೋಕದ್ದು ಎಂಬುದು ಕಥೆಯ ತಿರುಳು.

ಕಥೆಯಾದ ಮೇಲೆ ಸುತ್ತಲೂ ತೋರಿಸಿ. ಆ ಹುಲ್ಲುಗಾವಲಿನ ಬೆಟ್ಟಗಳೂ ಕಣಿವೆಗಳಲ್ಲಿ ಅಡಗಿರುವ ಸೋಲೆ ಕಾಡುಗಳೂ ಮಳೆಗಾಲದಲ್ಲಿ ಸುರಿಯುವ ನೀರನ್ನು ಹೀರಿ, ಮಳೆ ನಿಂತ ಮೇಲೆ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಒಸರುತ್ತವೆ. ಬೇಸಿಗೆಯಲ್ಲೂ ಹೊಳೆ ಬತ್ತದಿರುವುದು ಈ ಒಸರಿನಿಂದ. ನಿಜವಾದ ಕಮಂಡಲು ಆ ಬೆಟ್ಟವೇ. ಅದು ಒಡೆಯಬಲ್ಲ ಪಾತ್ರೆಯೆಂಬುದನ್ನೂ ಮರೆಯಬಾರದು. 2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನ ಬೆಟ್ಟಗಳು ಹಲವೆಡೆ ಕುಸಿದವು. 2020ರ ಆಗಸ್ಟ್‌ನಲ್ಲಿ ಬ್ರಹ್ಮಗಿರಿಯ ಒಂದು ಮಗ್ಗುಲೇ ಜರಿದು, ತಲಕಾವೇರಿಯ ಅರ್ಚಕರ ಮನೆ ಮಣ್ಣಿನಡಿ ಸೇರಿತು, ಪ್ರಾಣಹಾನಿಯೂ ಆಯಿತು. ಆದ್ದರಿಂದ ಭಾರಿ ಮಳೆಯ ದಿನಗಳಲ್ಲಿ ಸಂಸಾರ ಕಟ್ಟಿಕೊಂಡು ಅತ್ತ ಹೋಗುವುದು ಭಕ್ತಿಯಲ್ಲ, ಹಟ.

ಎರಡನೆಯದು ಕೂಟ. ಭಾಗಮಂಡಲದಲ್ಲಿ ಕಾವೇರಿಗೆ ಕನ್ನಿಕೆ ಸೇರುತ್ತಾಳೆ. ಕಣ್ಣಿಗೆ ಕಾಣದ ಸುಜ್ಯೋತಿ ನೆಲದೊಳಗಿನಿಂದ ಬಂದು ಕೂಡುತ್ತಾಳೆಂದು ನಂಬಿಕೆ. ದಡದಲ್ಲಿ ಭಗಂಡೇಶ್ವರನ ದೇವಾಲಯ. ಅದರ ಇಳಿಜಾರಾದ ಮಾಡನ್ನು ಮಕ್ಕಳಿಗೆ ತೋರಿಸಿ, ‘ಶ್ರೀರಂಗಪಟ್ಟಣದ ಗುಡಿಗೆ ಇಂಥ ಮಾಡು ಏಕಿಲ್ಲ?’ ಎಂದು ಕೇಳಿ. ಉತ್ತರ ಮಳೆಯಲ್ಲಿದೆ. ಒಂದೇ ಹೊಳೆಯ ದಡದಲ್ಲಿ, ಇನ್ನೂರು ಕಿಲೋಮೀಟರಿನೊಳಗೆ, ಮಳೆ ಬದಲಾದಂತೆ ದೇವರ ಮನೆಯೂ ಬದಲಾಗುತ್ತದೆ.

ಕೆಳಗಿಳಿಯುತ್ತ ಕುಶಾಲನಗರದ ಸಮೀಪ ‘ಕೂಡಿಗೆ’ ಎಂಬ ಊರು ಸಿಗುತ್ತದೆ. ಹಾರಂಗಿ ಕಾವೇರಿಯನ್ನು ಕೂಡುವ ಎಡೆ ಅದು. ಹೆಸರೇ ಭೂಗೋಳವನ್ನು ಹೇಳುತ್ತದೆ. ಮುಂದೆ ಹೇಮಾವತಿಯೂ ಲಕ್ಷ್ಮಣತೀರ್ಥವೂ ಬಂದು ಸೇರುವಲ್ಲಿ ಈಗ ಕೃಷ್ಣರಾಜಸಾಗರದ ಹಿನ್ನೀರು ಹರಡಿದೆ. 1911ರಲ್ಲಿ ಆರಂಭವಾದ ಆ ಅಣೆಕಟ್ಟೆಯ ಕೆಲಸ ಮುಗಿಯಲು ಸುಮಾರು 20 ವರ್ಷ ಹಿಡಿಯಿತು. ನೀರು ನಿಂತಾಗ ಹಳೆಯ ಕನ್ನಂಬಾಡಿಯ ವೇಣುಗೋಪಾಲಸ್ವಾಮಿಯ ಗುಡಿ ಮುಳುಗಿತು. ಬರಗಾಲದ ವರ್ಷಗಳಲ್ಲಿ ನೀರು ಇಳಿದಾಗ ಅದು ತಲೆಯೆತ್ತಿ ಕಾಣುತ್ತಿತ್ತು. ನಮ್ಮ ಕಾಲದಲ್ಲಿ ಅದರ ಕಲ್ಲುಗಳನ್ನು ಬಿಚ್ಚಿ ತಂದು ಹಿನ್ನೀರಿನ ದಡದಲ್ಲಿ ಮತ್ತೆ ಕಟ್ಟಿದ್ದಾರೆ. ಇಲ್ಲಿ ನಿಂತಾಗ ಮಕ್ಕಳಿಗೆ ಬಾನುಲಿಯ ಆ ಅಂಕಿಯನ್ನು ನೆನಪಿಸಿ. ಮೇಲೆ ಕಂಡ ಬೆಟ್ಟದ ಒಸರು, ಕನ್ನಿಕೆ, ಹಾರಂಗಿ, ಹೇಮಾವತಿ ಎಲ್ಲವೂ ಸೇರಿ ‘ಒಳಹರಿವು’ ಎಂಬ ಒಂದು ಮಾತಾಗಿವೆ.

ಮೂರನೆಯದು ಕವಲು. ಅಣೆಕಟ್ಟೆಯ ಕೆಳಗೆ ಶ್ರೀರಂಗಪಟ್ಟಣದಲ್ಲಿ ಹೊಳೆ ಎರಡಾಗಿ ಸೀಳಿ ಊರನ್ನು ತಬ್ಬಿಕೊಂಡು ಮತ್ತೆ ಒಂದಾಗುತ್ತದೆ. ಇಲ್ಲಿರುವುದು ಆದಿರಂಗ. ಶಿವನಸಮುದ್ರದಲ್ಲಿ ಮಧ್ಯರಂಗ, ತಮಿಳುನಾಡಿನ ಶ್ರೀರಂಗದಲ್ಲಿ ಅಂತ್ಯರಂಗ. ಈ ಮೂರು ರಂಗನಾಥರ ನಡುವೆ ಒಂದು ಸಾಮ್ಯವಿದೆ. ಮೂರೂ ಇರುವುದು ಕಾವೇರಿ ಕವಲೊಡೆದು ಮಾಡಿದ ದ್ವೀಪಗಳಲ್ಲಿ. ತಮಿಳಿನಲ್ಲಿ ‘ಅರಂಗಂ’ ಎಂದರೆ ನದಿಯ ನಡುಗಡ್ಡೆ ಎಂಬ ಅರ್ಥವೂ ಉಂಟು. ಶೇಷನ ಮೇಲೆ ಪವಡಿಸಿದ ಸ್ವಾಮಿಗೆ ಸುತ್ತಲೂ ನೀರಿರುವ ಹಾಸಿಗೆಯನ್ನೇ ಹಿಂದಿನವರು ಹುಡುಕಿಕೊಟ್ಟರು. ದರ್ಶನ ಮುಗಿಸಿ ಸಂಜೆ ಹತ್ತಿರದ ರಂಗನತಿಟ್ಟಿಗೆ ಹೋಗಿ. ಒಡ್ಡು ಕಟ್ಟಿದ್ದರಿಂದ ಹೊಳೆಯ ನಡುವೆ ಉಳಿದ ಸಣ್ಣ ತಿಟ್ಟುಗಳಲ್ಲಿ ಕೊಕ್ಕರೆ, ಹೆಜ್ಜಾರ್ಲೆಗಳು ಗೂಡು ಕಟ್ಟುತ್ತವೆ. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಇದು ಪಕ್ಷಿಧಾಮವಾಯಿತು. 2022ರಲ್ಲಿ ಜಗತ್ತಿನ ಮುಖ್ಯ ಜೌಗುನೆಲಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಅಲ್ಲಿ ದೇವರಿಲ್ಲವೆಂದು ಅಜ್ಜಿ ಆಕ್ಷೇಪಿಸಿದರೆ, ನಡುಗಡ್ಡೆಯನ್ನು ಸುರಕ್ಷಿತವೆಂದು ನಂಬಿದವನು ರಂಗನಾಥನೊಬ್ಬನೇ ಅಲ್ಲ, ಹಕ್ಕಿಗಳೂ ಹಾಗೆಯೇ ನಂಬಿವೆ ಎಂದು ಹೇಳಬಹುದು.

ನಾಲ್ಕನೆಯದು ಮತ್ತೊಂದು ಕೂಟ, ತಿರುಮಕೂಡಲು ನರಸೀಪುರ. ವಯನಾಡಿನಿಂದ ಬರುವ ಕಪಿಲೆ, ಅಂದರೆ ಕಬಿನಿ, ಇಲ್ಲಿ ಕಾವೇರಿಯನ್ನು ಸೇರುತ್ತಾಳೆ. ಸ್ಫಟಿಕ ಸರೋವರವೆಂಬ ಕಾಣದ ತೀರ್ಥವನ್ನು ಸೇರಿಸಿ ಇದನ್ನೂ ತ್ರಿವೇಣಿ ಎನ್ನುತ್ತಾರೆ. 1989ರಿಂದ ಮೂರು ವರ್ಷಗಳಿಗೊಮ್ಮೆ ಕುಂಭಮೇಳ ನಡೆಯುವ ಪದ್ಧತಿ ಬೆಳೆದಿದೆ. ಗುಂಜಾನರಸಿಂಹನ ದರ್ಶನವಾದ ಮೇಲೆ ಸೋಪಾನದ ಮೇಲೆ ಅರ್ಧ ಗಂಟೆ ಸುಮ್ಮನೆ ಕುಳಿತು, ಎರಡು ನೀರು ಎಲ್ಲಿ ಒಂದಾಗುತ್ತದೆಂದು ಮಕ್ಕಳಿಂದಲೇ ಗುರುತಿಸಿಸಿ.

ಐದನೆಯದು ತಿರುವು. ತಲಕಾಡಿನ ಬಳಿ ಹೊಳೆ ದೊಡ್ಡದಾಗಿ ಬಳುಕುತ್ತದೆ. ಗಂಗರ ರಾಜಧಾನಿಯಾಗಿದ್ದ, ಚೋಳರ ಮೇಲಿನ ವಿಜಯದ ನೆನಪಿಗೆ ಹೊಯ್ಸಳ ವಿಷ್ಣುವರ್ಧನ 1117ರಲ್ಲಿ ಕೀರ್ತಿನಾರಾಯಣನನ್ನು ಪ್ರತಿಷ್ಠಿಸಿದ ಊರು ಇಂದು ಮರಳಿನಡಿ ಮಲಗಿದೆ. ರಾಜ ಒಡೆಯರ ಕಾಲದಲ್ಲಿ ಅಲಮೇಲಮ್ಮ ಮಾಲಂಗಿಯ ಮಡುವಿಗೆ ಧುಮುಕುವಾಗ ಕೊಟ್ಟ ಶಾಪವೇ ಇದಕ್ಕೆ ಕಾರಣವೆಂಬ ಕಥೆ ಎಲ್ಲರಿಗೂ ತಿಳಿದದ್ದು. ವಿದ್ವಾಂಸರು ಇನ್ನೊಂದು ಕಾರಣವನ್ನೂ ಊಹಿಸುತ್ತಾರೆ. ಹದಿನಾಲ್ಕನೆಯ ಶತಮಾನದಲ್ಲಿ ಮೇಲ್ಗಡೆ ಮಾಧವಮಂತ್ರಿ ಕಟ್ಟೆ ಎದ್ದ ಬಳಿಕ ಇಲ್ಲಿಯ ಪಾತ್ರದಲ್ಲಿ ನೀರು ತಗ್ಗಿತು, ತಿರುವಿನಲ್ಲಿ ಒಟ್ಟಿದ ಮರಳು ಬಿಸಿಲಿಗೆ ಒಣಗಿತು, ನೈಋತ್ಯದ ಗಾಳಿ ಅದನ್ನು ಊರಿನ ಮೇಲೆ ಹೊತ್ತು ತಂದಿತು ಎಂಬುದು ಅವರ ವಾದ. ಎರಡನ್ನೂ ಮಕ್ಕಳಿಗೆ ಹೇಳಿ. ಒಂದು ಹೆಣ್ಣಿನ ನೋವನ್ನು ಊರು ಹೇಗೆ ನೆನಪಿಟ್ಟುಕೊಂಡಿತೆಂದು ಶಾಪದ ಕಥೆ ಹೇಳುತ್ತದೆ. ಮನುಷ್ಯ ಹೊಳೆಯ ಮೇಲೆ ಕೈಯಿಟ್ಟರೆ ದೂರದ ಊರಿಗೆ ಏನಾಗಬಲ್ಲುದೆಂದು ಮರಳಿನ ಲೆಕ್ಕ ಹೇಳುತ್ತದೆ. ಕಾರ್ತಿಕ ಮಾಸದಲ್ಲಿ ವಿಶೇಷ ಯೋಗ ಕೂಡಿದಾಗ ಇಲ್ಲಿ ಪಂಚಲಿಂಗ ದರ್ಶನ ನಡೆಯುತ್ತದೆ. 2020ರ ಡಿಸೆಂಬರಿನಲ್ಲಿ ನಡೆದಿತ್ತು. ಮರಳಿನ ಮೇಲೆ ನಡೆಯಲಾರದ ಹಿರಿಯರು ವೈದ್ಯೇಶ್ವರನ ಸನ್ನಿಧಿಯಲ್ಲೇ ಕುಳಿತಿರಬಹುದು.

ಇಲ್ಲಿ ಒಂದು ಎಚ್ಚರಿಕೆ. ತಲಕಾಡಿನ ಹೊಳೆ ಮೊಣಕಾಲುದ್ದವೆಂದು ತೋರುತ್ತದೆ. ಒಂದು ಹೆಜ್ಜೆ ಮುಂದೆ ಮರಳು ಕುಸಿದು ಆಳು ಮುಳುಗುವ ಗುಂಡಿ ಇರಬಹುದು. ಸುಳಿಗಳುಂಟು, ಮೇಲಿನಿಂದ ನೀರು ಬಿಟ್ಟರೆ ಹೊಳೆ ಸದ್ದಿಲ್ಲದೆ ಏರುವುದೂ ಉಂಟು. ಈಜು ಬಲ್ಲ ತರುಣರೇ ಇಂಥ ನೀರಿಗೆ ಬಲಿಯಾಗಿದ್ದಾರೆ. ಸ್ನಾನಕ್ಕೆ ಮೆಟ್ಟಿಲಿರುವ ಘಟ್ಟವನ್ನಷ್ಟೇ ಬಳಸಿ, ಸ್ಥಳದವರ ಮಾತು ಕೇಳಿ, ಮಕ್ಕಳ ಕೈ ಬಿಡಬೇಡಿ. ಸಂದೇಹವಿದ್ದಲ್ಲಿ ತಲೆಗೆ ಪ್ರೋಕ್ಷಣೆ ಮಾಡಿಕೊಂಡರೆ ಸಾಕು, ಪುಣ್ಯಕ್ಕೆ ಕೊರತೆಯಾಗದು.

ಆರನೆಯದು ಧುಮುಕು. ಶಿವನಸಮುದ್ರದಲ್ಲಿ ಮತ್ತೆ ಎರಡಾದ ಹೊಳೆ ಒಂದೆಡೆ ಗಗನಚುಕ್ಕಿಯಾಗಿ, ಇನ್ನೊಂದೆಡೆ ಭರಚುಕ್ಕಿಯಾಗಿ ಬೀಳುತ್ತದೆ. ಅಜ್ಜಿಗೆ ಮಧ್ಯರಂಗ, ಮಕ್ಕಳಿಗೆ ಜಲಪಾತ. ಇಲ್ಲಿಗೆ ಮನೆಯ ವಾಗ್ವಾದ ತಾನಾಗಿ ಮುಗಿಯುತ್ತದೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಯೋಜನೆಯಿಂದ 1902ರಲ್ಲಿ ಇಲ್ಲಿ ವಿದ್ಯುತ್ತು ಹುಟ್ಟಿ, ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೇಲೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಬೇಸಿಗೆಯಲ್ಲಿ ಹೋದವರು ಜಲಪಾತ ಸೊರಗಿದೆಯೆಂದು ಬೇಸರಪಡುತ್ತಾರೆ. ಹೊಳೆಯಲ್ಲಿ ನೀರು ಕಡಮೆ. ಇದ್ದದ್ದರಲ್ಲೂ ಒಂದು ಪಾಲು ವಿದ್ಯುತ್ತಿಗಾಗಿ ಕಾಲುವೆ ಹಿಡಿಯುತ್ತದೆ.

ಹಾಗಾದರೆ ಯಾವಾಗ ಹೋಗಬೇಕು? ಪಂಚಾಂಗವೇ ಉತ್ತರ ಕೊಡುತ್ತದೆ. ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣದಂದು ತಲಕಾವೇರಿಯ ಕುಂಡಿಕೆಯಲ್ಲಿ ತೀರ್ಥೋದ್ಭವ. ಕೊಡವರು ‘ಕಾವೇರಮ್ಮೆ’ ಎಂದು ಮನೆಯ ತಾಯಿಯಂತೆ ಆಕೆಯನ್ನು ಆ ದಿನ ಬರಮಾಡಿಕೊಳ್ಳುತ್ತಾರೆ. ಅಲ್ಲಿಂದ ಒಂದು ತಿಂಗಳು ತುಲಾಸ್ನಾನಕ್ಕೆ ಶ್ರೇಷ್ಠ. ಮುಂಗಾರಿನ ಅಬ್ಬರ ಇಳಿದಿದೆ, ನೀರಿನ ಕೆಂಪು ತಿಳಿಯಾಗುತ್ತಿದೆ, ಹೊಳೆ ಇನ್ನೂ ತುಂಬಿದೆ, ಜಲಪಾತಕ್ಕೂ ಜೀವವಿದೆ. ಧರ್ಮಕ್ಕೆ ಹಿತವಾದ ತಿಂಗಳೇ ನೋಟಕ್ಕೂ ಹಿತವಾದ ತಿಂಗಳು. ಸಂಕ್ರಮಣದ ದಿನದ ಜನಸಂದಣಿ ವೃದ್ಧರಿಗೂ ಶಿಶುಗಳಿಗೂ ಒಗ್ಗದು. ಒಂದು ವಾರ ಕಳೆದು ಹೊರಡಿ.

ಇನ್ನು ಕ್ರಮ. ಐದು ದಿನ ಇಟ್ಟುಕೊಳ್ಳಿ. ‘ದಿನಕ್ಕೊಂದು ದೇವರು, ಒಂದು ನೀರು’ ಎಂಬುದು ನಾನು ಪೆಟ್ಟು ತಿಂದು ಕಲಿತ ಸೂತ್ರ. ನಡುಹಗಲು ಗುಡಿಯ ಬಾಗಿಲು ಮುಚ್ಚಿರುವ ಹೊತ್ತು ಅಜ್ಜಿಯ ವಿಶ್ರಾಂತಿಗೆ, ಬೆಳಗು ದರ್ಶನಕ್ಕೆ, ಸಂಜೆ ದಡದಲ್ಲಿ ಕೂರುವುದಕ್ಕೆ. ಹಿರಿಯರ ಔಷಧಿಯನ್ನು ಕೈಚೀಲದಲ್ಲೇ ಇಡಿ. ಮಕ್ಕಳ ಕೈಗೊಂದು ನಕಾಶೆ ಕೊಟ್ಟು ಹೊಳೆಯ ಗೆರೆಯನ್ನು ಅವರಿಂದಲೇ ಎಳೆಸಿ. ಉಟ್ಟ ಬಟ್ಟೆಯನ್ನು ನದಿಯಲ್ಲಿ ಬಿಟ್ಟುಬರುವ ರೂಢಿಯನ್ನೂ ಹೂವು ಕರ್ಪೂರಗಳ ಪ್ಲಾಸ್ಟಿಕ್ ಚೀಲವನ್ನು ತೇಲಿಬಿಡುವ ಅಭ್ಯಾಸವನ್ನೂ ಈ ಪ್ರಯಾಣದಲ್ಲೇ ನಿಲ್ಲಿಸಿ. ನಾವು ಬಿಟ್ಟದ್ದು ಕೆಳಗಿನವರ ಬಿಂದಿಗೆಗೆ ಹೋಗುತ್ತದೆ. ಕೆಳಗಿನವರಲ್ಲಿ ನಾವೂ ಇದ್ದೇವೆ.

ಕಳೆದ ವರ್ಷ ಈ ಕ್ರಮದಲ್ಲಿ ಮತ್ತೆ ಹೋಗಿಬಂದೆವು. ನಮ್ಮ ತಾಯಿಗೆ ಬೆಟ್ಟದ ದಾರಿ ಸಾಧ್ಯವಾಗಲಿಲ್ಲ. ಅವರು ಮೈಸೂರಿನಲ್ಲಿ ಬಂಧುಗಳ ಮನೆಯಲ್ಲಿದ್ದು, ಹಿಂದಿರುಗುವಾಗ ನಮ್ಮೊಡನೆ ಕೂಡಿಕೊಂಡರು. ತಿರುಮಕೂಡಲಿನ ಮೆಟ್ಟಿಲ ಮೇಲೆ ಕುಳಿತು ನನ್ನ ಕಿರಿಯ ಮಗಳು ತಂಬಿಗೆಯ ತೀರ್ಥವನ್ನು ಅಜ್ಜಿಯ ಅಂಗೈಗೆ ಹಾಕಿದಳು. ಆಮೇಲೆ ಒದ್ದೆ ಬೆರಳಿನಿಂದ ಕಲ್ಲಿನ ಮೇಲೆ ಗೆರೆ ಎಳೆಯುತ್ತ, ‘ಇದು ಬೆಟ್ಟ ಅಜ್ಜಿ, ಇಲ್ಲಿ ಕನ್ನಿಕೆ, ಇಲ್ಲಿ ಹಾರಂಗಿ, ಇದು ಡ್ಯಾಮು, ಇಲ್ಲಿ ಎರಡಾದಳು, ಈಗ ನಾವಿರೋದು ಇಲ್ಲಿ’ ಎಂದು ತೋರಿಸಿದಳು. ಒಬ್ಬ ಗುರುವಿನಲ್ಲಿ ಓದಿದವರನ್ನು ಸತೀರ್ಥರೆನ್ನುತ್ತಾರೆ. ಅಜ್ಜಿ ಮೊಮ್ಮಗಳು ಇಬ್ಬರೂ ಅಂದು ಸತೀರ್ಥರಾದರು. ಬಿಸಿಲಿಗೆ ಗೆರೆ ಆರುವವರೆಗೂ ನಮ್ಮ ತಾಯಿ ಅದನ್ನೇ ನೋಡುತ್ತಿದ್ದರು. ಏಳಿರೆಂದು ನಾನು ಹೇಳಲಿಲ್ಲ.

ಊರಿಗೆ ಬಂದ ಮೇಲೆ ನಮ್ಮ ಮನೆಯಲ್ಲಿ ಒಂದು ಬದಲಾವಣೆಯಾಗಿದೆ. ಮೊದಲು ವಾರ್ತೆಯ ಹೊತ್ತಿಗೆ ನಮ್ಮ ತಾಯಿ ಅಡಿಗೆಮನೆಯಲ್ಲಿರುತ್ತಿದ್ದರು. ಈಗ ಜಲಾಶಯದ ಮಟ್ಟ ಓದುವಾಗ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಸರಿಯಾಗಿ ಕೇಳಿಸದಿದ್ದರೆ ಮೊಮ್ಮಗಳ ಕಡೆ ತಿರುಗಿ, ‘ಇವತ್ತು ಎಷ್ಟು ಬಂದಳಂತೆ?’ ಎಂದು ವಿಚಾರಿಸುತ್ತಾರೆ.